ಅತ್ತೆಯ ಬೆನ್ನ ಹಿಂದಿನ ಹೆಜ್ಜೆಗಳು

ನಮ್ಮ ಅತ್ತೆಗೆ ಭೂತದಲ್ಲಿ ನಂಬಿಕೆಯಿರಲಿಲ್ಲ; ಭೂತಕ್ಕೆ ಮಾತ್ರ ಅತ್ತೆಯ ಮೇಲೆ ಎಲ್ಲಿಲ್ಲದ ಪ್ರೀತಿ! ಅತ್ತೆ ಎಂದರೆ ಗಂಡನ ತಾಯಿಯೆಂದು ಗಾಬರಿಯಾಗಬೇಡಿ, ನನ್ನ ಅಪ್ಪನ ಅಕ್ಕ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಗ್ರಹಣದ ದಿನ ಬೇಕೆಂತಲೇ ಅಂಗಳದಲ್ಲಿ ಕೂತು ಅವಲಕ್ಕಿ ತಿನ್ನುವವಳು. ಇಂಥವಳು ಒಂದು ಮಧ್ಯಾಹ್ನ ರಾಯಾಪುರದ ತನ್ನ ಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತ, ನಲ್ಲಿ ನೀರು ಬರುವ ದಿನ ಬದಲಾಗಿದೆ ಎನ್ನುವಷ್ಟೇ ನಿರಾಳವಾಗಿ ಹೇಳಿದಳು:

“ನನ್ನ ಹಿಂದ ಯಾರೋ ನಡೀತಾರ. ನಾ ಪಾವಟಿಗಿ ಹತ್ತಿದ್ರ ಅವರೂ ಹತ್ತತಾರ. ನಾ ನಿಂತ ಮ್ಯಾಲೂ ಒಂದೀಟು ನಡದು, ಆಮ್ಯಾಲೆ ನಿಂದರತಾರ.”

ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮೇಲ್ಮಹಡಿಯ ಬಾಡಿಗೆ ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದಳು. ಏನೋ ಭ್ರಮೆ ಎಂದುಕೊಂಡೆ. ಆದರೂ ಪರೀಕ್ಷೆ ಮಾಡದೆ ಬಿಡುವುದುಂಟೇ? ಅವಳನ್ನು ಕೆಳಗೆ ಕರೆದೊಯ್ದು, ಅವಳ ಹಿಂದೆಯೇ ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆ. ನಡುವೆ ಅತ್ತೆ ನಿಂತಳು, ಏದುಸಿರು ಬಿಡುತ್ತ ಒಂದು ಕೈ ಎತ್ತಿದಳು. ರಸ್ತೆಯ ಸದ್ದೂ ಆ ಕ್ಷಣಕ್ಕೆ ಅಡಗಿತ್ತು. ನನಗೇನೂ ಕೇಳಿಸಲಿಲ್ಲ. ಆದರೆ ಅತ್ತೆಯ ದೃಷ್ಟಿ ನನ್ನನ್ನು ದಾಟಿ ಕೆಳಗಿನ ಮೆಟ್ಟಿಲಿಗೆ ಹೋಗಿ, ಯಾರೋ ಹತ್ತಿ ಬರುವುದನ್ನು ನೋಡುವಂತೆ ಒಂದೊಂದೇ ಮೆಟ್ಟಿಲು ಮೇಲೇರಿ, ನನ್ನ ಭುಜದ ಹಿಂದೆ ನಿಂತಿತು. ಪರೀಕ್ಷೆಯನ್ನು ಅಲ್ಲಿಗೇ ಮುಗಿಸಿ ಅವಳಿಗಿಂತ ಮೊದಲು ಮನೆಯೊಳಗೆ ಓಡಿದೆ.

ಮುಂದೆ ಆ ಭೂತ ಅವಳ ಕಾಲು ಹಿಡಿಯತೊಡಗಿತು. ಮಧ್ಯಾಹ್ನ ಮಲಗಿದರೆ ಇರುವೆಯಂಥ ಬೆರಳುಗಳು ಪಾದ ಸವರುತ್ತವಂತೆ. ಒಮ್ಮೆ ನಾನು ಪಕ್ಕದಲ್ಲೇ ಕೂತಿದ್ದಾಗ ಅತ್ತೆ ಕಣ್ಣು ತೆರೆಯದೆ, “ಸಾಕ ಬಿಡ್ರಿ,” ಎಂದಳು. ಭೂತಕ್ಕೂ ರೀ ಹಚ್ಚಿ ಮಾತಾಡುವ ಸಂಸ್ಕಾರ ಧಾರವಾಡದವರಿಗಲ್ಲದೆ ಇನ್ನಾರಿಗುಂಟು? ನಗಬೇಕೆನಿಸಿತು. ನೋಡಿದರೆ ಆ ಪಾದಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು.

ಆಮೇಲೆ ಅವಳ ಮಾತುಗಳು ಕಳವಾಗತೊಡಗಿದವು. ಧಾತುಗಳ ಹೆಸರನ್ನೆಲ್ಲ ಉಸಿರು ಬಿಡದೆ ಹೇಳುತ್ತಿದ್ದವಳು ಒಂದು ದಿನ ಸೌಟನ್ನು ಕೈಯಲ್ಲಿ ಹಿಡಿದು, ಇದಕ್ಕೇನೆನ್ನುತ್ತಾರೆ ಎಂದು ನನ್ನನ್ನು ಕೇಳಿದಳು. ಮಂಡಿ ನೋವು, ಬಾಯಿ ಹುಣ್ಣು, ಸುಸ್ತು ಎಲ್ಲವೂ ಇದ್ದವು. ಹೊಟ್ಟೆಯ ವಿಷಯ ಕೇಳಿದರೆ, ಅದು ಮೊದಲಿನಿಂದಲೂ ಸ್ವಲ್ಪ ಭಾರ ಎನ್ನುವಳು. ನಮ್ಮ ಮನೆತನದಲ್ಲಿ ಯಾರ ಹೊಟ್ಟೆ ಹಗುರಾಗಿದೆ ಹೇಳಿ! ಮಿರ್ಚಿ ಭಜಿ ಬಿಟ್ಟವರಿಲ್ಲ, ಡಾಕ್ಟರ ಬಳಿ ಹೋದವರಿಲ್ಲ. ಮಂಡಿಗೆಂದು ಔಷಧದ ಅಂಗಡಿಯಿಂದ ತಾನೇ ನೋವಿನ ಗುಳಿಗೆ ತಂದು ಶೇಂಗಾದಂತೆ ನುಂಗುತ್ತಿದ್ದಳು. ಆಸ್ಪತ್ರೆಗೆ ಹೋಗೋಣವೆಂದರೆ ಮಾತ್ರ ಮಾತು ಮರೆಸಿಬಿಡುವಳು.

ಆ ಮನೆಯೇ ಸರಿಯಿಲ್ಲವೆಂದು ನನ್ನ ತಾಯಿ ತೀರ್ಪು ಕೊಟ್ಟರು. ಅತ್ತೆಯನ್ನು ವಿದ್ಯಾನಗರದ ನಮ್ಮ ಮನೆಗೆ ಕರೆತಂದೆವು. ಸಾಮಾನಿನ ಟೆಂಪೋ ಬಂದು ನಿಂತಿತು. ಅಮ್ಮ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅತ್ತೆ ಹೊಸಿಲು ದಾಟಿದಳು, ತಲೆ ವಾರೆ ಮಾಡಿ ಆಲಿಸಿದಳು, ಸಣ್ಣಗೆ ನಕ್ಕಳು. “ಬಂದ್ರವಾ,” ಎಂದಳು. ಅಂದಿನಿಂದ ಅಮ್ಮ ಹಾಡುಹಗಲೇ ಪಡಸಾಲೆಯಿಂದ ಅಡುಗೆಮನೆಗೆ ಹೋಗಲೂ ನನ್ನ ಕೈ ಹಿಡಿಯತೊಡಗಿದರು.

ಒಂದು ಸಂಜೆ ನಮ್ಮ ಮಹಡಿಯ ಮೆಟ್ಟಿಲಲ್ಲಿ ಅತ್ತೆ ಕುಸಿದಳು. ತುಟಿಯಲ್ಲೂ ಬಣ್ಣವಿರಲಿಲ್ಲ. ಎತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದೆವು. ಇಷ್ಟು ಕಡಿಮೆ ರಕ್ತದಲ್ಲಿ ಇವರು ನಡೆದಾಡುತ್ತಿದ್ದುದೇ ಆಶ್ಚರ್ಯ ಎಂದರು ಅಲ್ಲಿನ ಡಾಕ್ಟರಮ್ಮ. ರಕ್ತ ಕೊಟ್ಟರು, ಹಲವು ಪರೀಕ್ಷೆಗಳಾದವು, ಕರುಳಿನೊಳಗೆ ಕೊಳವೆ ಇಳಿಸಿ ನೋಡಿದರು. ಕೊನೆಗೆ ಡಾಕ್ಟರಮ್ಮ ಅತ್ತೆಯ ಮಂಚದ ಬಳಿ ಕೂತರು.

“ಸಣ್ಣ ಕರುಳಿನ್ಯಾಗ ಭಾಳ ವರ್ಷದಿಂದ ಸಣ್ಣಗ ಉರಿಯೂತ ಐತ್ರಿ. ಜೋರ ನೋವು ಕೊಟ್ಟಿಲ್ಲ. ಆದ್ರ ಸುಮ್ನೂ ಕೂತಿಲ್ಲ.”

ಉಂಡದ್ದರ ಸತ್ವವನ್ನು ಕರುಳು ಹೀರಿಕೊಳ್ಳುತ್ತಿರಲಿಲ್ಲವಂತೆ. ಕಬ್ಬಿಣದ ಅಂಶ ಸೇರದೆ ರಕ್ತ ತಗ್ಗಿತ್ತು. ಬಿ-ಹನ್ನೆರಡು ಸೇರದೆ ಪಾದ ಜುಮುಗುಡುತ್ತಿತ್ತು, ನೆನಪು ಮಸುಕಾಗುತ್ತಿತ್ತು. ಬಾಯಿ ಹುಣ್ಣು, ಮಂಡಿ ನೋವು ಕೂಡ ಅದೇ ಉರಿಯೂತದ ಬಳಗ. ಮಂಡಿಗೆಂದು ನುಂಗಿದ ಗುಳಿಗೆಗಳು ಕರುಳನ್ನು ಇನ್ನಷ್ಟು ಕೆರಳಿಸಿದ್ದವು. ನಾನು ಸಂಕೋಚದಿಂದ ಹೆಜ್ಜೆಗಳ ವಿಷಯ ತೆಗೆದೆ. ಡಾಕ್ಟರಮ್ಮ ನಗಲಿಲ್ಲ.

“ರಕ್ತ ಕಡಿಮಿ ಆದ್ರ ಹೃದಯ ಜೋರ ಬಡೀತೈತ್ರಿ. ಕೆಲವರಿಗೆ ಆ ಬಡಿತ ಕಿವ್ಯಾಗ ಕೇಳಸ್ತೈತಿ. ಪಾವಟಿಗಿ ಹತ್ತಿದ್ರ ಜೋರ, ನಿಂತ ಮ್ಯಾಲೆ ನಿಧಾನಕ ಕಡಿಮಿ.”

ಇಷ್ಟು ದಿನ ಅತ್ತೆಯ ಹಿಂದೆ ನಡೆದದ್ದು ಅತ್ತೆಯದೇ ಎದೆಬಡಿತ! ಅತ್ತೆ ಮಾತ್ರ ಗೋಡೆಯ ಕಡೆ ಹೊರಳಿ ಮಲಗಿದಳು.

ಔಷಧ, ಚುಚ್ಚುಮದ್ದು, ಪಥ್ಯ ತಿಂಗಳುಗಟ್ಟಲೆ ನಡೆದವು. ನೋವಿನ ಗುಳಿಗೆ ಬಂದ್ ಆಯಿತು. ಅತ್ತೆಯ ಕೆನ್ನೆಗೆ ರಂಗು ಬಂತು. ಮರೆತ ಹೆಸರುಗಳು ಮರಳಿದವು. ಒಂದು ಬೆಳಿಗ್ಗೆ, ಹೆಜ್ಜೆ ಸಪ್ಪಳ ನಿಂತಿದೆ ಎಂದಳು. ಅಮ್ಮ ಖುಷಿಯಿಂದ ಶಿರಾ ಮಾಡಿದರು. ಬಡಿಸಲು ಕರೆದರೆ ಅತ್ತೆ ಇಲ್ಲ. ಮೆಟ್ಟಿಲ ಮೇಲೆ ಗೋಡೆಗೆ ಕಿವಿಯಾನಿಸಿ ಕೂತಿದ್ದಳು.

“ಯಾಕ್ರಿ ಅತ್ತಿ, ಆರಾಮ ಆಗೀರಲ್ಲ ಈಗ,” ಎಂದೆ.

“ನಿಮ್ಮ ಮಾವ ಅನ್ಕೊಂಡಿದ್ದೆ,” ಎಂದಳು. “ಖರೇ ಅಲ್ಲ ಅಂತ ಗೊತ್ತಿತ್ತು. ದವಾಖಾನಿಗೆ ಹೋದ್ರ ಹೋಗಿಬಿಡ್ತಾರ ಅಂತ ಅಂಜಿಕಿ ಇತ್ತು.”

ಮಾವ ಸಾವಕಾಶ ನಡೆಯುವವರು. ಅವರು ಹಿಂದೆ ಬೀಳಬಾರದೆಂದು ಅತ್ತೆ ಇಷ್ಟು ದಿನ ನಿಂತು ನಿಂತು ನಡೆಯುತ್ತಿದ್ದಳಂತೆ.

ಅಂದು ಸಂಜೆ ಅವಳನ್ನು ತಿರುಗಾಡಲು ಕರೆದೊಯ್ದೆ. ರಸ್ತೆಯ ಬದಿ ಇಕ್ಕಟ್ಟಾಗಿತ್ತು, ನಾನು ಅವಳ ಹಿಂದೆ ಹಿಂದೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಅತ್ತೆ ನಿಂತಳು. ನಾನೂ ನಿಂತೆ. ಅವಳು ತಿರುಗಿ ನೋಡಿ, ನನ್ನತ್ತ ಕೈ ಚಾಚಿದಳು.

“ಹಿಂದ ಬ್ಯಾಡವಾ,” ಎಂದಳು, “ಬಾಜೂಕ ಬಾ.”