ವಿಭೂತಿ ಡಬ್ಬಿಯೊಳಗಿನ ಗುಳಿಗೆ

ಈ ಸಂಗತಿಯನ್ನು ನಾನು ಎಷ್ಟು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆಂದರೆ, ಮುಂದೂಡುವುದೇ ನನಗೊಂದು ಉದ್ಯೋಗವಾಗಿಬಿಟ್ಟಿತ್ತು. ಮಗನ ಮದುವೆಯಾಗಲಿ ಎಂದೆ, ಆಯಿತು. ಮಿಲ್ಲಿನ ಕೆಲಸ ಬಿಟ್ಟ ಮೇಲೆ ನೋಡೋಣ ಎಂದೆ, ಅದನ್ನೂ ಬಿಟ್ಟೆ. ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಎಂದೆ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ನೆಪಕ್ಕೆ ಉಳಿದಿರುವುದು ಹಲ್ಲಿನ ಸೆಟ್ಟೊಂದೇ. ಬರೆಯುವುದಕ್ಕೆ ಹಲ್ಲು ಬೇಕೆಂದು ಯಾರನ್ನು ನಂಬಿಸಲಿ? ಆದ್ದರಿಂದ ಹೇಳಿಬಿಡುತ್ತೇನೆ.

ತನ್ನ ಮುಖದ ಮೊಡವೆಗಳಿಗೆ ಬಂಧುಬಳಗದವರ ಹೆಸರಿಡುವ ಹೆಣ್ಣುಮಗಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಎಂದರೇನು, ಅವಳನ್ನು ಮದುವೆಯಾಗಬೇಕಾಗಿತ್ತು!

ಆಕೆ ನನ್ನ ಸೋದರಮಾವನ ಮಗಳು. ಊರು ಮಾದನಹಿಪ್ಪರಗಾ. ಆಕೆ ಇನ್ನೂ ತೊಟ್ಟಿಲಲ್ಲಿದ್ದಾಗಲೇ ನನ್ನ ಅವ್ವ ಈ ಕೂಸು ನಮ್ಮ ಮನೆಗೇ ಎಂದು ಹೇಳಿಟ್ಟಿದ್ದಳು, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಆಳಂದದ ಒಂದು ಬೇಳೆ ಮಿಲ್ಲಿನಲ್ಲಿ ತೂಕ ಬರೆದುಕೊಳ್ಳುವ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕ ಶುರುವಾಗಿತ್ತು. ನಾನು ಮದುವೆಗೆ ಸಿದ್ಧನಾಗುವ ಹೊತ್ತಿಗೆ ಆಕೆಯ ಮುಖದ ತುಂಬ ಮೊಡವೆ ಎದ್ದಿದ್ದವು. ಹರೆಯದಲ್ಲಿ ಎಲ್ಲರಿಗೂ ಬಂದು ಹೋಗುವ ಸಾಸಿವೆ ಕಾಳಿನಂಥವಲ್ಲ. ನೆನೆಸಿದ ಕಡಲೆಯಷ್ಟು ದಪ್ಪ, ಒಳಗೆ ಕೀವು, ದಿಂಬಿಗೆ ಕೆನ್ನೆ ತಾಗಿದರೂ ನೋವು.

ಬೇರೆ ಹುಡುಗಿಯರಾಗಿದ್ದರೆ ಸೆರಗು ಮರೆಮಾಡಿಕೊಂಡು ಅಳುತ್ತಿದ್ದರು. ಈಕೆ ಹೆಸರಿಟ್ಟಳು! ಹಣೆಯ ಮೇಲಿನ ಸಾಲು ಆಕೆಯ ಕಾಕಂದಿರು, ಏಕೆಂದರೆ ಅವರು ಯಾವಾಗಲೂ ಗುಂಪಾಗಿಯೇ ಬರುತ್ತಿದ್ದರು. ಮೂಗಿನ ತುದಿಯದು ಊರ ಗೌಡ, ಎಲ್ಲರಿಗಿಂತ ಮುಂದೆ ಕೂತಿದ್ದಕ್ಕೆ. ಬಲಗೆನ್ನೆಯ ದೊಡ್ಡದಕ್ಕೆ ನನ್ನ ಅವ್ವನ ಹೆಸರು. ನಾನು ಹೋದಾಗಲೆಲ್ಲ ಒಂದು ವರದಿ ಕೊಡುತ್ತಿದ್ದಳು. ನಮ್ಮ ಕಡೆ ಅತ್ತೆಯ ಮಗನನ್ನೂ ಮಾಮಾ ಎಂದೇ ಕರೆಯುವುದು.

"ಮಾಮಾ, ಇವತ್ತ ನಿಮ್ಮವ್ವ ಭಾಳ ಸಿಟ್ಟಿಗೆದ್ದಾಳ ನೋಡ್ರಿ. ಕೆಂಪಗ ಆಗ್ಯಾಳ."

"ನಾ ಎಲ್ಲಿದೀನಿ ಇದ್ರಾಗ?" ಎಂದು ಒಮ್ಮೆ ಕೇಳಿದೆ.

ಆಕೆ ಕನ್ನಡಿಯಲ್ಲಿ ಮುಖವನ್ನು ಆ ಕಡೆ ಈ ಕಡೆ ಹೊರಳಿಸಿ ಹುಡುಕಿದಳು. "ನೀವ್ ಇನ್ನಾ ಎದ್ದಿಲ್ಲ. ಒಳಗೇ ಅದೀರಿ. ಮುಖದ ಮ್ಯಾಲ ಕಲಿ ಉಳಿಸಿ ಹೋಗೋವು ಅಂಥವೇ."

ನಾನು ನಕ್ಕೆ. ನಗದೆ ಏನು ಮಾಡಲಿ?

ಆಕೆ ಮಾಡಿದ ಔಷಧಗಳನ್ನು ಹೇಳಹೊರಟರೆ ಒಂದು ಅಡುಗೆಮನೆಯೇ ಖಾಲಿಯಾಗುತ್ತದೆ. ಅರಿಶಿನ, ಹುಳಿ ಮಜ್ಜಿಗೆ, ಬೇವಿನ ತಪ್ಪಲು, ಹಲ್ಲಿನ ಪುಡಿ, ಕೊನೆಗೆ ಅಪ್ಪ ದಾಡಿ ಮಾಡಿಕೊಂಡ ಮೇಲೆ ಉಜ್ಜಿಕೊಳ್ಳುವ ಸ್ಫಟಿಕದ ಕಲ್ಲು. ಒಂದು ಮಧ್ಯಾಹ್ನ ಕಡಲೆಹಿಟ್ಟು ಮೊಸರು ಕಲಸಿ ಬಳಿದುಕೊಂಡು ಕಟ್ಟೆಯ ಮೇಲೆ ಒರಗಿದವಳಿಗೆ ನಿದ್ದೆ ಹತ್ತಿತು. ಕರು ಬಂದು ಒಂದು ಕೆನ್ನೆಯನ್ನು ಪೂರ್ತಿ ನೆಕ್ಕಿಬಿಟ್ಟಿತು. ಎಚ್ಚರಾದವಳು ಕೂಗಾಡಲಿಲ್ಲ. ಕನ್ನಡಿ ತರಿಸಿ ಎರಡೂ ಕೆನ್ನೆ ಹೋಲಿಸಿದಳು. ನೆಕ್ಕಿದ ಕೆನ್ನೆಯೇ ವಾಸಿ ಎನಿಸಿತಂತೆ. ಅಂದಿನಿಂದ ಮರೆಯದೆ ಕರುವಿನ ಮುಂದೆ ಮುಖ ಒಡ್ಡಿ ಕೂರತೊಡಗಿದಳು. ಮೊಡವೆ ಹೋಗಲಿಲ್ಲ, ಕರು ಮಾತ್ರ ಕೆಟ್ಟಿತು! ಅರಿಶಿನ ಹಚ್ಚಿದ ಹೆಂಗಸರು ಯಾರೇ ಓಣಿಯಲ್ಲಿ ಬಂದರೂ ಬಾಲ ಎತ್ತಿಕೊಂಡು ಹಿಂದೆ ಓಡುತ್ತಿತ್ತು.

ಇಷ್ಟು ನಗಿಸುವವಳಿಗೆ ನೋವಾಗುವುದಿಲ್ಲ ಎಂದು ನಾನು ತಿಳಿದಿದ್ದೆ. ಮಿಲ್ಲಿನ ಗೆಳೆಯರು ನನ್ನನ್ನು ಕಾಡುತ್ತಿದ್ದರು. ಆ ಸಿಟ್ಟನ್ನು ಆಕೆಯ ಮೇಲೆ ತೀರಿಸಿಕೊಂಡೆ. ಲಗ್ನದಲ್ಲಿ ಫೋಟೋ ತೆಗೆಸಬೇಕು, ಅಷ್ಟರೊಳಗೆ ಮುಖಕ್ಕೇನಾದರೂ ಮಾಡಿಕೋ ಎಂದೆ. ಆಕೆ ಎಂದಿನಂತೆ ತಿರುಗಿ ಒಂದು ಮಾತು ಕೊಡುತ್ತಾಳೆಂದು ಕಾದೆ. ಕೊಡಲಿಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದು, ಗುಲ್ಬರ್ಗಾದಲ್ಲಿ ಲೇಡಿ ಡಾಕ್ಟರ್ ಇದ್ದಾರಂತೆ, ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಳು.

ಹೋದೆವು. ಕಾವಲಿಗೆ ನಮ್ಮಿಬ್ಬರಿಗೂ ಅಜ್ಜಿಯಾದ ಆಯಿ. ಆಯಿ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತು, ಮೆಲ್ಲುತ್ತಲೇ ನಿದ್ದೆಹೋದಳು. ಕಾವಲು ಅಷ್ಟಕ್ಕೇ ಮುಗಿಯಿತು.

ಡಾಕ್ಟರ್ ಬಾಯಿಯವರು ವಯಸ್ಸಾದವರು, ಮಾತಿನಲ್ಲಿ ನಾಚಿಕೆ ಇಲ್ಲದವರು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತದೆಯೇ ಎಂದು ನನ್ನ ಮುಂದೆಯೇ ಕೇಳಿದರು. ನಾನು ಗೋಡೆಯ ಮೇಲಿನ ಗಡಿಯಾರವನ್ನು ಜೀವಮಾನದಲ್ಲಿ ಮೊದಲ ಬಾರಿ ಕಂಡವನಂತೆ ನೋಡಿದೆ. ಇಲ್ಲ, ಒಮ್ಮೊಮ್ಮೆ ಎರಡು ಮೂರು ತಿಂಗಳು ಬರುವುದೇ ಇಲ್ಲ ಎಂದು ಈಕೆ ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿದಳು. ಡಾಕ್ಟರು ರಕ್ತದೊತ್ತಡ ನೋಡಿದರು, ತಲೆಶೂಲೆ ಇದೆಯೇ, ಕಾಲು ಬಾಯುತ್ತವೆಯೇ ಎಂದು ವಿಚಾರಿಸಿದರು. ಮೈಯೊಳಗಿನ ರಸಗಳು ಏರುಪೇರಾಗಿ ಮುಖದ ಮೇಲೆ ಹೀಗೆ ಏಳುತ್ತವೆ ಎಂದು ತಿಳಿಸಿ ಹೇಳಿದರು. ಆಮೇಲೆ ಒಂದು ಗುಳಿಗೆಪಟ್ಟಿ ಮೇಜಿನ ಮೇಲಿಟ್ಟರು.

"ಇದು ಮಕ್ಕಳು ಬ್ಯಾಡಂದವರು ನುಂಗೋ ಗುಳಿಗಿ. ಆದ್ರ ಇಂಥಾ ಗುಳ್ಳಿಗೂ ಕೊಡ್ತೀವಿ. ದಿನಾ ಒಂದೇ ಹೊತ್ತಿಗಿ ತಗೋ, ಮರೀಬ್ಯಾಡ. ಮೂರ್ನಾಕು ತಿಂಗಳು ಹಿಡೀತದ. ಮುಂದ ಮಕ್ಕಳು ಬೇಕಂದಾಗ ಬಿಟ್ರ ಆತು, ಆಗ್ತಾವ." ನಂತರ ನನ್ನ ಕಡೆ ತಿರುಗಿದರು. "ನೀ ಇಕಿಗಿ ಏನಾಗಬೇಕಪ್ಪಾ?"

"ಲಗ್ನ ಆಗಾಂವ್ರಿ."

"ಹಂಗಾದ್ರ ನೀನೂ ಕೇಳ್ಕೋ. ನಾಳಿ ಮನ್ಯಾಗ ಯಾರರ ಏನರ ಅಂದ್ರ, ನೀನೇ ಹೇಳಬೇಕು."

ಹೂಂ ಎಂದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಆಯಿ ಎಚ್ಚರಾಗಿ, ಡಾಕ್ಟರು ಏನಂದರು ಎಂದಳು. ರಕ್ತ ಕೆಟ್ಟಿದೆಯಂತೆ, ಅದಕ್ಕೆ ಔಷಧ ಕೊಟ್ಟಿದ್ದಾರೆ ಎಂದುಬಿಟ್ಟೆ. ಮುದುಕಿಗೆ ಅದೆಲ್ಲ ಯಾಕೆ ಎಂದುಕೊಂಡೆ. ಸಣ್ಣ ಸುಳ್ಳು, ಕುಳಿತ ಸೀಟಿನಷ್ಟೂ ಇರಲಿಲ್ಲ.

ಮುಂದಿನ ಪಟ್ಟಿಗಳನ್ನು ತರುವ ಕೆಲಸ ನನ್ನದು. ಆಳಂದದಲ್ಲಿ ಕೇಳುವ ಧೈರ್ಯವಿರಲಿಲ್ಲ. ಮಿಲ್ಲಿನ ಕೆಲಸಕ್ಕೆ ಗುಲ್ಬರ್ಗಾಕ್ಕೆ ಹೋದಾಗ ಯಾರಿಗೂ ನನ್ನ ಗುರುತಿಲ್ಲದ ಒಂದು ಔಷಧ ಅಂಗಡಿಯ ಮುಂದೆ ನಿಂತೆ. ಮೊದಲ ಸಲ ನಾಲಿಗೆ ಹೊರಳದೆ ತಲೆನೋವಿನ ಗುಳಿಗೆ ಕೊಂಡು ಬಂದೆ. ಮರಳಿ ಹೋದಾಗ ಕೆಮ್ಮಿನ ಔಷಧ. ಮೂರನೆಯ ಸಲ ಅಂಗಡಿಯವನೇ ನನ್ನ ಮುಖ ನೋಡಿ ಕನಿಕರಪಟ್ಟು, "ಹೊಸದಾಗಿ ಲಗ್ನ ಆಗೇದೇನ್ರಿ?" ಎಂದು ಮೆಲ್ಲಗೆ ಕೇಳಿ, ಬೇಕಾದುದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಹೌದ್ರಿ ಎಂದೆ. ಛಲೋ ಆತು, ಸುಖವಾಗಿರ್ರಿ ಎಂದ. ನಮ್ಮಿಬ್ಬರ ಮದುವೆಗೆ ಬಂದ ಶುಭಾಶಯ ಅದೊಂದೇ.

ಇನ್ನು ದಿನಾ ಒಂದೇ ಹೊತ್ತಿಗೆ ನುಂಗುವುದು ಹೇಗೆ? ಗಡಿಯಾರವಿಲ್ಲದ ಮನೆ. ಆಕೆ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಆ ಮನೆಯಲ್ಲಿ ಏನೇ ತಪ್ಪಿದರೂ ತಪ್ಪದೆ ನಡೆಯುವುದು ಬೆಳಗಿನ ಲಿಂಗಪೂಜೆ. ಹಾಗಾಗಿ ಗುಳಿಗೆಪಟ್ಟಿಯನ್ನು ದೇವರ ಜಗಲಿಯ ಮೇಲಿನ ತನ್ನ ವಿಭೂತಿ ಡಬ್ಬಿಯಲ್ಲಿಟ್ಟಳು. ಸ್ನಾನ, ವಿಭೂತಿ, ಅಂಗೈಯಲ್ಲಿ ಲಿಂಗ, ಪೂಜೆ, ಪಾದೋದಕ, ಅದರ ಬೆನ್ನಿಗೇ ಗುಳಿಗೆ! ದೇವರ ಹತ್ತಿರ ಇಟ್ಟಿದ್ದೀಯಲ್ಲ, ಸರಿಯೇ ಎಂದು ನಾನು ಕೇಳಿದ್ದಕ್ಕೆ, "ಮುಖ ಕೊಟ್ಟಾಂವ ಅವನೇ ಅಲ್ರಿ, ನೋಡಕೊಳ್ಳಲಿ" ಎಂದಳು.

ಅವನು ನೋಡಿಕೊಂಡ. ಮೂರು ನಾಲ್ಕು ತಿಂಗಳಲ್ಲಿ ಹಣೆಯ ಕಾಕಂದಿರು ಚದುರಿದರು, ಗೌಡ ಇಳಿದುಹೋದ. ಮದುವೆಯ ದಿನ ಗೊತ್ತುಮಾಡಲು ನಾನು ಅವ್ವನ ಜೊತೆ ಹೋದ ದಿನ, ಬಾಗಿಲಲ್ಲಿ ನೀರು ಕೊಟ್ಟವಳ ಮುಖವನ್ನು ಅವ್ವ ಹಿಡಿದೆತ್ತಿ ನೋಡಿ, ಮುಖ ಬೆಳಕಾಗಿದೆಯಲ್ಲ ಎಂದು ಹಿಗ್ಗಿದಳು.

ಸೋದರಮಾವ ಅಯ್ಯನವರನ್ನು ಕರೆಸಿದ್ದ. ಅವರು ಪಡಸಾಲೆಯಲ್ಲಿ ಪಂಚಾಂಗ ಬಿಚ್ಚಿ ಕೂತಿದ್ದರು. ಅವ್ವ ಸ್ನಾನ ಮುಗಿಸಿ ಜಗಲಿಗೆ ಹೋದಳು. ತನ್ನ ವಿಭೂತಿ ಗಂಟಿನಲ್ಲಿತ್ತು. ಬಿಚ್ಚುವ ಬೇಸರಕ್ಕೆ ಕಣ್ಣೆದುರಿಗಿದ್ದ ಡಬ್ಬಿ ತೆರೆದಳು. ನನ್ನ ಅವ್ವನಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಆ ಕಾಲದಲ್ಲಿ ಶಾಲೆಯ ಗೋಡೆ, ಬಸ್ಸಿನ ಬೆನ್ನು, ಚಾವಡಿಯ ಕಂಬ, ಎಲ್ಲಿ ನೋಡಿದರೂ ಸರ್ಕಾರದವರು ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿದ್ದರು. ಓದು ಬಾರದವರೂ ಅದೊಂದನ್ನು ಓದುತ್ತಿದ್ದರು. ಪಟ್ಟಿಯ ಮೇಲೆ ಅದೇ ತ್ರಿಕೋನ.

ಅವ್ವ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದಳು. ಪಂಚಾಂಗ ಮುಚ್ಚಿತು.

ಗುಳ್ಳೆಗೆ ತೆಗೆದುಕೊಳ್ಳುತ್ತಿದ್ದೇನೆ, ಗುಲ್ಬರ್ಗಾದ ಡಾಕ್ಟರು ಕೊಟ್ಟದ್ದು ಎಂದು ಆಕೆ ಹೇಳಿದಳು. ಮುಖ ಯಾಕೆ ಬೆಳಕಾಯಿತೆಂದು ಈಗ ತಿಳಿಯಿತು ಎಂದಳು ಅವ್ವ, ಬಾಗಿಲಲ್ಲಿ ಹಿಗ್ಗಿದವಳೇ. ಆಯಿಯನ್ನು ಕೇಳಿದರು. ರಕ್ತಕ್ಕೆ ಔಷಧ ಕೊಟ್ಟರಲ್ಲವೇ ಎಂದು ಆಯಿ ನನ್ನ ಸುಳ್ಳನ್ನೇ ಪ್ರಾಮಾಣಿಕವಾಗಿ ಒಪ್ಪಿಸಿದಳು. ಮದುವೆಯಾಗುವವನ ಹೆಸರನ್ನು ಹೆಣ್ಣು ಹಿರಿಯರ ಮುಂದೆ ಎತ್ತುವ ಹಾಗಿಲ್ಲ. ಆಕೆ ನೆಲ ನೋಡುತ್ತ, "ಅವರಿಗಿ ಕೇಳ್ರಿ" ಎಂದಳು.

ಎಲ್ಲರೂ ನನ್ನತ್ತ ತಿರುಗಿದರು. "ಡಾಕ್ಟ್ರು ಇವೇ ಕೊಟ್ರೇನೋ?" ಎಂದು ಸೋದರಮಾವ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಎನ್ನು ಎಂಬ ಬೇಡಿಕೆ ಇತ್ತು.

ಹೌದು ಎಂದರೆ ಏನಾಗುತ್ತಿತ್ತು? ಇವು ನಿನಗೆ ಹೇಗೆ ಗೊತ್ತು, ತಂದುಕೊಟ್ಟವನು ನೀನೇ ಏನು, ಲಗ್ನಕ್ಕೆ ಮೊದಲೇ ನಿಮಗಿದು ಯಾಕೆ ಬೇಕಾಯಿತು ಎಂದು ಕೇಳುತ್ತಿದ್ದರು. ಅಯ್ಯನವರ ಎದುರು ನನ್ನ ಮಾನ ಹೋಗುತ್ತಿತ್ತು. ಹೆಚ್ಚೆಂದರೆ ಒಂದು ವಾರ. ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದರೆ ಅದೂ ಮುಗಿಯುತ್ತಿತ್ತು.

"ಅವರು ರಕ್ತದ ಔಷಧ ಕೊಟ್ರು. ಇವು ಯಾವಂತ ನನಗ ಗೊತ್ತಿಲ್ಲ" ಎಂದೆ.

ಆಕೆ ತಲೆ ಎತ್ತಿ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ನನ್ನ ಅವ್ವನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು, ಬಂದವರ ಉಪಚಾರದಲ್ಲಿ ತಡವಾಗಿದ್ದ ಆ ದಿನದ ಗುಳಿಗೆ ಬಿಡಿಸಿ, ನೀರಿಲ್ಲದೆ ನುಂಗಿದಳು. "ಡಾಕ್ಟ್ರ ಮರೀಬ್ಯಾಡ ಅಂದಾರ" ಎಂದಳು. ಬೇಕಾದರೆ ಡಾಕ್ಟರನ್ನೇ ಕೇಳೋಣ ಬಾ ಅಪ್ಪಾ ಎಂದಳು. ಇದನ್ನು ಹಿಡಿದುಕೊಂಡು ಊರೂರು ತಿರುಗಲಾರೆ ಎಂದು ಸೋದರಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ನನಗೆ ಅಫಜಲಪುರದ ಕಡೆಯ ಹೆಣ್ಣು ತಂದರು. ಲಗ್ನದ ಫೋಟೋ ಚೆನ್ನಾಗಿ ಬಂತು. ಆಕೆಯನ್ನು ಜೇವರ್ಗಿ ತಾಲ್ಲೂಕಿನ ನೆಲೋಗಿಗೆ, ಹೆಂಡತಿ ಸತ್ತ ಒಬ್ಬ ನಡುವಯಸ್ಸಿನ ರೈತನಿಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಆ ಮದುವೆಯಲ್ಲಿ ಆಕೆಯ ಮುಖದ ಮೇಲೆ ಒಂದು ಮೊಡವೆಯೂ ಇರಲಿಲ್ಲವಂತೆ. ಸುದ್ದಿ ಆಕೆಗಿಂತ ಮೊದಲೇ ನೆಲೋಗಿ ತಲುಪಿತ್ತು. ಅಲ್ಲಿಯ ಹೆಂಗಸರು ಹೆಸರು ಬಿಟ್ಟು ಗುಳಿಗಿಯವಳು ಎಂದೇ ಕರೆದರು. ಇವಳಿಗಿನ್ನು ಮಕ್ಕಳಾಗುವುದಿಲ್ಲ ಎಂದರು. ಮಗಳು ಹುಟ್ಟಿದಾಗ, ಹಾಗೆ ಅಂದವರೇ ಬೆರಳು ಮಡಚಿ ತಿಂಗಳು ಎಣಿಸಿದರು. ಸೋದರಮಾವ ಮಗಳನ್ನು ತವರಿಗೆ ಕರೆಯದೆಯೇ ತೀರಿಕೊಂಡ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನಾನು ಮಿಲ್ಲಿನಲ್ಲಿ ತೂಕ ಬರೆದುಕೊಂಡಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ತೊಗರಿ ನೋಡಲು ಹೋಗಿದ್ದ ನನಗೆ ಜೇವರ್ಗಿ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು. ಪಕ್ಕದಲ್ಲಿ ಮಗಳು. ಹುಡುಗಿ ಮುಖಕ್ಕೆ ಓಢಣಿ ಸುತ್ತಿಕೊಂಡಿದ್ದಳು. ಗಾಳಿಗೆ ಸರಿದಾಗ ಕಂಡೆ, ತಾಯಿಯಂಥವೇ ಮೊಡವೆ.

"ಮಾಮಾ, ಆ ಡಾಕ್ಟ್ರ ಇನ್ನಾ ಅಲ್ಲೇ ಅದಾರೇನ್ರಿ?" ನಿನ್ನೆಯಷ್ಟೇ ಮಾತಾಡಿ ಬಿಟ್ಟವರ ಹಾಗೆ ಕೇಳಿದಳು.

ಅವರು ಇಲ್ಲ, ಅವರ ಸೊಸೆ ನೋಡುತ್ತಾರೆ ಎಂದೆ. ಆಕೆ ಚಹಾದಂಗಡಿಯ ಕಡೆ ಗಲ್ಲ ತೋರಿಸಿದಳು. ಅಲ್ಲಿ ಆಕೆಯ ಗಂಡ, ಈಗ ಪೂರ್ತಿ ಮುದುಕ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. "ಅವರಿಗೂ ಕರ್ಕೊಂಡು ಹೊಂಟೀನ್ರಿ. ಡಾಕ್ಟ್ರ ಹೇಳೋದು ಅವರ ಕಿವೀಲೇ ಕೇಳಲಿ. ಕಿವಿ ಸ್ವಲ್ಪ ಮಂದ ಅದಾವ, ಮುಂದಿನ ಕುರ್ಚಿಗೇ ಕೂಡಿಸ್ತೀನಿ."

ಮಗಳು ಇವರ್ಯಾರು ಎಂದು ತಾಯಿಯನ್ನು ಕೇಳಿದಳು. ನಾನು ಬಸ್ಸಿನ ವೇಳಾಪಟ್ಟಿ ಓದತೊಡಗಿದೆ.

"ನಮ್ಮ ಅತ್ತಿ ಮಗ. ನನಗ ಮೊದಲ ಆ ಡಾಕ್ಟ್ರ ಹಂತೇಲಿ ಕರ್ಕೊಂಡು ಹೋದವರು ಇವರೇ" ಎಂದಳು. ಅಷ್ಟು ಜನರ ನಡುವೆ, ಏರುದನಿಯಲ್ಲಿ. ಅದರಲ್ಲಿ ಚುಚ್ಚು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಬಸ್ಸು ಬಂತು. ನಾನು ಚೀಲ ಎತ್ತಿ ಕೊಟ್ಟೆ, ಮುದುಕನ ರಟ್ಟೆ ಹಿಡಿದು ಹತ್ತಿಸಿದೆ. ಆಕೆ ಕಿಟಕಿಯಿಂದ ಬಗ್ಗಿ, "ನೆಳ್ಳಿಗಿ ನಿಲ್ರಿ ಮಾಮಾ, ಬಿಸಲು ಭಾಳ ಅದ" ಎಂದಳು.

ಆಕೆ ತೀರಿಕೊಂಡು ಎರಡು ಮಳೆಗಾಲ ಕಳೆದವು. ಮಣ್ಣಿಗೆ ಹೋಗಿದ್ದೆ. ಸೇರಿದ್ದ ಜನರಲ್ಲಿ ಯಾರೋ ಗುಳಿಗಿಯವಳು ಹೋದಳು ಎಂದರು. ಆಗಲೂ ನಾನು ತುಟಿ ಬಿಚ್ಚಲಿಲ್ಲ.

ಗುಳಿಗೆ ತಂದುಕೊಟ್ಟವನು ನಾನು. ನುಂಗಿದವಳ ಹೆಸರು ಮಹಾನಂದಾ.