ನಾಯಿ ಯಾವ ಕಡೆ?

ಹೆಡ್‌ಮಾಸ್ಟರ ಕೂದಲು ಕಿವಿಯ ಮೇಲೆ ಅರ್ಧ ಇಂಚು ಹೆಚ್ಚಾಗಿ ಬೆಳೆದದ್ದೇ ಆ ದಿನದ ಇಡೀ ರಾದ್ಧಾಂತಕ್ಕೆ ಮೂಲ. ಅಂದು ಸಂಜೆ ನಾಲ್ಕಕ್ಕೆ ಶಾಲೆಯಲ್ಲಿ ಒಂದನೇ ತರಗತಿಯ ಪ್ರವೇಶ ಪರೀಕ್ಷೆ. ಉಳಿದದ್ದು ಒಂದೇ ಒಂದು ಸೀಟು, ಅದಕ್ಕೆ ಕಾದು ಕೂತವರು ಆರು ಮಕ್ಕಳು. ನಿಜ ಹೇಳಬೇಕೆಂದರೆ ಮಕ್ಕಳು ಆಡಿಕೊಂಡಿದ್ದರು, ಕಾದು ಕೂತವರು ದೊಡ್ಡವರು. ಅಂಥ ದಿನ ತಲೆ ನೀಟಾಗಿರಲಿ ಎಂದು ಹೆಡ್‌ಮಾಸ್ಟರು ಬೆಳಗ್ಗೆ ಒಂಬತ್ತಕ್ಕೇ ಕತ್ತರಿಯಣ್ಣನ ಸಲೂನಿಗೆ ಬಂದರು.

ಕತ್ತರಿಯಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಆ ಆರು ಮಕ್ಕಳಲ್ಲಿ ಅವನ ಮಗಳು ಪುಟ್ಟಿಯೂ ಒಬ್ಬಳು. ಈ ಶಾಲೆ ಸಿಕ್ಕರೆ ಬೀದಿ ದಾಟಿದರೆ ಆಯಿತು. ಸಿಗದಿದ್ದರೆ ಊರಿನ ಆ ತುದಿಯ ಶಾಲೆಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಮತ್ತು ಬಸ್ಸಿನ ಮೊದಲ ಮೆಟ್ಟಿಲು ಪುಟ್ಟಿಯ ಸೊಂಟದಷ್ಟು ಎತ್ತರ. ಒಂದು ವಾರದಿಂದ ಅವನ ಹೆಂಡತಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅವಳು ಮಾಡದ ಮೇಲೆ ಅವನು ಮಾಡುವುದು ಎಲ್ಲಿಂದ ಬಂತು.

ಪರೀಕ್ಷೆ ಹೇಗಿರುತ್ತದೆ ಎಂದು ಬೀದಿಗೆಲ್ಲ ಗೊತ್ತಿತ್ತು. ಹೆಡ್‌ಮಾಸ್ಟರು ಒಂದು ಚಿತ್ರ ತೋರಿಸಿ ಹತ್ತು ಎಣಿಸುತ್ತಾರೆ. ಆಮೇಲೆ ಚಿತ್ರ ಮಗುಚಿ, ಅದರಲ್ಲಿದ್ದ ಒಂದು ವಸ್ತು ಯಾವ ಕಡೆ ಇತ್ತು, ಎಡಗಡೆಯೋ ಬಲಗಡೆಯೋ ಎಂದು ಕೇಳುತ್ತಾರೆ. ಮಗು ಆ ಕೈ ಎತ್ತಿ ಹೇಳಬೇಕು. ಹೋದ ವರ್ಷ ಮರದ ಬಗ್ಗೆ ಕೇಳಿದ್ದರು. ಈ ವರ್ಷದ ಚಿತ್ರ ಯಾವುದು ಎನ್ನುವುದೊಂದೇ ಗುಟ್ಟು.

ಆಗ ಕುರ್ಚಿಯಲ್ಲಿ ಔಷಧದಂಗಡಿಯ ಮಾವ ಕನ್ನಡಕ ತೆಗೆದಿಟ್ಟು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದರು. ಕನ್ನಡಕ ಇಲ್ಲದಿದ್ದರೆ ಅವರಿಗೆ ತಮ್ಮ ಮೂಗೂ ಕಾಣದು. ಹೆಡ್‌ಮಾಸ್ಟರು ಹಿಂದಿನ ಗೋಡೆಯ ಕನ್ನಡಿಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತರು. ಚೀಲದಿಂದ ದೊಡ್ಡದೊಂದು ರಟ್ಟು ತೆಗೆದು ನೋಡುತ್ತಾ, ತಮ್ಮಷ್ಟಕ್ಕೆ, "ನಾಯಿ ಯಾವ ಕಡೆ ಇತ್ತು, ಪುಟಾಣಿ?" ಎಂದು ಒಮ್ಮೆ ಅಭ್ಯಾಸ ಮಾಡಿಕೊಂಡರು.

ಕತ್ತರಿಯಣ್ಣನ ಕಣ್ಣು ತಾನಾಗಿಯೇ ಎದುರಿನ ಕನ್ನಡಿಗೆ ಹೋಯಿತು. ಚಿತ್ರ ಅಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ನಡುವೆ ಮನೆ, ಬಲಗಡೆ ನಾಯಿ, ಎಡಗಡೆ ಸೈಕಲ್. ಬೇರೆ ಯಾರಾದರೂ ಆಗಿದ್ದರೆ ಬಲಗಡೆ ಎಂದು ನಂಬಿ ಮೋಸಹೋಗುತ್ತಿದ್ದರು. ಆದರೆ ಕತ್ತರಿಯಣ್ಣ ಇಪ್ಪತ್ತೆರಡು ವರ್ಷ ಕನ್ನಡಿ ನೋಡಿಯೇ ಹೊಟ್ಟೆ ಹೊರೆದವನು. ಕನ್ನಡಿಯ ಬಲ ಎಂದರೆ ಲೋಕದ ಎಡ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಯಿ ಎಡಗಡೆ, ನಾಯಿ ಎಡಗಡೆ ಎಂದು ಮನಸ್ಸು ಕುಣಿಯತೊಡಗಿತು, ಮನಸ್ಸಿನ ಜೊತೆಗೆ ಕೈಯೂ ಕುಣಿಯಿತು, ಔಷಧದಂಗಡಿಯ ಮಾವನ ಬಲಗೆನ್ನೆಯ ಕೃತಾ ಬುಡಸಮೇತ ಹೋಯಿತು.

ಆ ಹೊತ್ತಿಗೆ ಮಾವನಿಗೆ ಅದು ಕಾಣಲಿಲ್ಲ. ಅವರನ್ನು ಕನ್ನಡಿಯ ಕಡೆ ತಿರುಗಲು ಬಿಡದೆ ಕಳಿಸಿ, ಹೆಡ್‌ಮಾಸ್ಟರ ತಲೆಯನ್ನು ಉಸಿರು ಬಿಗಿಹಿಡಿದು ಮುಗಿಸಿ, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟು, ಕತ್ತರಿಯಣ್ಣ ಒಳಮನೆಗೆ ಓಡಿದ. ಹೆಂಡತಿಯ ಕಿವಿಯಲ್ಲಿ ಸುದ್ದಿ ಹೇಳಿದಾಗ ಅವಳು ಸೌಟು ಹಿಡಿದುಕೊಂಡೇ ನೆಲಕ್ಕೆ ಕೂತಳು. "ರೀ, ಈ ಒಂದು ಸಲ ನಿಮ್ಮ ಬಾಯಿಗೆ ಬೀಗ ಹಾಕ್ಕೊಳ್ಳಿ. ಯಾರ ಹತ್ರಾನೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ" ಎಂದಳು.

ಕತ್ತರಿಯಣ್ಣ ಮನಸ್ಸಿಟ್ಟೇ ಆಣೆ ಮಾಡಿದ. ಆ ಆಣೆ ಇಪ್ಪತ್ತು ನಿಮಿಷ ಬಾಳಿತು.

ಔಷಧದಂಗಡಿಯ ಮಾವ ಕನ್ನಡಕ ಹಾಕಿಕೊಂಡು ಮುಖ ನೋಡಿಕೊಂಡಿದ್ದರು. ಬಂದವರು ಸಲೂನಿನ ಬಾಗಿಲಲ್ಲೇ ನಿಂತು, ಒಂದು ಕಡೆ ಕೃತಾ ಇರುವ, ಇನ್ನೊಂದು ಕಡೆ ಇಲ್ಲದ ಮುಖವನ್ನು ಬೀದಿಗೆಲ್ಲ ತೋರಿಸುತ್ತಾ ಕೂಗಾಡಿದರು. ಇನ್ನು ಮುಂದೆ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದರು. ಹೋದ ಕೃತಾವನ್ನು ತಿರುಗಿ ಅಂಟಿಸುವಂತಿಲ್ಲ, ಹಳೆಯ ಗಿರಾಕಿಯನ್ನು ಕಳೆದುಕೊಳ್ಳುವಂತಿಲ್ಲ. ಅವರ ಮೊಮ್ಮಗನೂ ಪರೀಕ್ಷೆಗೆ ಕೂರುವವನೇ. ಕತ್ತರಿಯಣ್ಣ ಅವರನ್ನು ಒಳಕ್ಕೆ ಎಳೆದು, "ಮಾವ, ಸಿಟ್ಟು ಮಾಡ್ಕೋಬೇಡಿ. ಚಿತ್ರದಲ್ಲಿ ನಾಯಿ ಎಡಗಡೆ ಇದೆ. ಯಾರಿಗೂ ಹೇಳ್ಬೇಡಿ" ಎಂದುಬಿಟ್ಟ.

ಇಬ್ಬರಲ್ಲಿ ಗುಟ್ಟು, ಮೂವರಲ್ಲಿ ರಟ್ಟು. ಮಾವ ತಮ್ಮಲ್ಲಿ ತಲೆನೋವಿನ ಮಾತ್ರೆ ಕೊಳ್ಳಲು ಬಂದ ಬೇಕರಿ ಅಕ್ಕನಿಗೆ ಮಾತ್ರ ಹೇಳಿದರು. ಬೇಕರಿ ಅಕ್ಕನಿಗೆ ಅವಳಿ ಹೆಣ್ಣುಮಕ್ಕಳು. ಇರುವುದೊಂದೇ ಸೀಟಾದರೂ ಇಬ್ಬರನ್ನೂ ಕೂರಿಸುತ್ತೇನೆ, ಯಾರಿಗಾದರೂ ಸಿಗಲಿ, ಸಮವಸ್ತ್ರ ಹಾಕಿದ ಮೇಲೆ ಯಾರು ಗುರುತು ಹಿಡಿಯುತ್ತಾರೆ ಎನ್ನುವುದು ಅವಳ ಲೆಕ್ಕಾಚಾರ. ಅವಳು ಗಡಿಯಾರ ರಿಪೇರಿಯವನಿಗೆ ಹೇಳಿದಳು, ಅವನ ಮಗಳೂ ಪರೀಕ್ಷೆಗಿದ್ದಳಲ್ಲ. ಹೀಗೆ ಹನ್ನೊಂದು ಗಂಟೆಯ ಹೊತ್ತಿಗೆ ಕತ್ತರಿಯಣ್ಣನ ಸಲೂನಿನಲ್ಲಿ ನಾಲ್ಕು ಮನೆಯವರು ಸೇರಿದ್ದರು.

ಎಲ್ಲ ಮಕ್ಕಳೂ ಸರಿಯುತ್ತರ ಹೇಳಿದರೆ ಸೀಟು ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಎಲ್ಲರಿಗಿಂತ ಬೇಗ ಹೇಳಿದವರಿಗೆ ಎಂದು ಗಡಿಯಾರದವನು ತೀರ್ಪು ಕೊಟ್ಟ. ಅಲ್ಲಿಂದ ಸಲೂನು ಓಟದ ಮೈದಾನವಾಯಿತು. ಗಡಿಯಾರದವನು ಸೆಕೆಂಡು ಹಿಡಿದ. ಮಕ್ಕಳು ಸಾಲಾಗಿ ನಿಂತರು. ನಾಯಿ ಎಂಬ ಮಾತು ಬಾಯಿಂದ ಹೊರಡುವ ಮೊದಲೇ ಎಡಗೈ ಮೇಲೇಳಬೇಕು.

ತೊಂದರೆ ಏನೆಂದರೆ ಎಡಗೈ ಯಾವುದು ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಪುಟ್ಟಿ ಒಮ್ಮೆ ಈ ಕೈ, ಒಮ್ಮೆ ಆ ಕೈ, ಒಮ್ಮೆ ಎರಡೂ ಕೈ ಎತ್ತಿದಳು. ಅವಳಿಗೆ ಕೇಳಿದ ಕೂಡಲೇ ಹೇಳಿ ಅಭ್ಯಾಸವಿಲ್ಲ, ನೋಡಿ ನಿಧಾನವಾಗಿ ಹೇಳುವವಳು. ಸಲಹೆ ಕೊಡಲು ಜನಕ್ಕೇನು ಬರವೇ. ಹೆಂಡತಿ ಮಗಳ ಎಡಗೈಗೆ ರಿಬ್ಬನ್ ಕಟ್ಟಿದಳು. ಬೇಕರಿ ಅಕ್ಕ ಶಾಯಿಯಲ್ಲಿ ಬಳೆ ಬರೆದಳು. ಔಷಧದಂಗಡಿಯ ಮಾವ ಅಂಗಡಿಯಿಂದ ಬ್ಯಾಂಡೇಜ್ ತಂದು ಎಲ್ಲ ಮಕ್ಕಳ ಎಡಗೈಗೂ ಮೊಣಕೈವರೆಗೆ ಸುತ್ತಿದರು. ಮೂರು ಗಂಟೆಗೆ ನೋಡಿದರೆ ಐದು ಮಕ್ಕಳೂ ಒಂದೇ ಬಸ್ಸಿನಿಂದ ಬಿದ್ದು ಬಂದವರಂತಿದ್ದರು.

ಎಲ್ಲರೂ ಮುಖ ತೊಳೆಯಲು ಮನೆಗೆ ಹೋದಾಗ ಟೈಲರ್ ಬಂದ. ಆರನೇ ಮಗುವಿನ ಅಪ್ಪ ಅವನು. ಪಕ್ಕದ ಅಂಗಡಿಯವನೇ ಆದರೂ ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಕತ್ತರಿಯಣ್ಣನ ಪ್ಯಾಂಟನ್ನು ಟೈಲರ್ ಗಿಡ್ಡ ಹೊಲಿದದ್ದು, ಅದಕ್ಕೆ ಟೈಲರನ ತಲೆಯನ್ನು ಕತ್ತರಿಯಣ್ಣ ಗಿಡ್ಡ ಕತ್ತರಿಸಿದ್ದು ಹಳೆಯ ಕತೆ. ಟೈಲರ್ ಹೊಸ್ತಿಲಲ್ಲೇ ನಿಂತು, ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತಾ ಹೇಳಿದ. "ಜಗಳ ನಮ್ಮಿಬ್ರದು. ಮಗಂದೇನು ತಪ್ಪು? ಎಲ್ರಿಗೂ ಹೇಳಿದೀಯಂತೆ, ನನಗೂ ಒಂದ್ಮಾತು ಹೇಳು."

ಕತ್ತರಿಯಣ್ಣನಿಗೆ ಅಯ್ಯೋ ಅನ್ನಿಸಿದ್ದು ನಿಜ. ಆದರೆ ಆ ಗಿಡ್ಡ ಪ್ಯಾಂಟು ತೊಟ್ಟು ತಂಗಿಯ ಮದುವೆಯಲ್ಲಿ ನಿಂತದ್ದು ನೆನಪಾಯಿತು. ಒಬ್ಬನಾದರೂ ಕಮ್ಮಿಯಾಗಲಿ ಎಂದುಕೊಂಡ. "ಬಲಗಡೆ" ಎಂದ. ಟೈಲರನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಲಾಗದೆ ಕತ್ತರಿಯಣ್ಣ ಕತ್ತರಿ ಒರೆಸುವವನಂತೆ ತಿರುಗಿ ನಿಂತ.

ನಾಲ್ಕು ಗಂಟೆ. ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಪುಟ್ಟ ಪುಟ್ಟ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಮೊದಲು ಗಡಿಯಾರದವನ ಮಗಳು ಒಳಗೆ ಹೋದಳು. ಬಾಗಿಲು ಮುಚ್ಚುವ ಮೊದಲೇ "ಎಡಗಡೆ" ಎಂಬ ಕೂಗು ಕೇಳಿಸಿತು. ಅಪ್ಪ ಗಡಿಯಾರ ನೋಡಿ ಹೆಮ್ಮೆಯಿಂದ ತಲೆ ಆಡಿಸಿದ. ಆಮೇಲೆ ಅವಳಿಗಳಲ್ಲಿ ಒಬ್ಬಳು, ಆಮೇಲೆ ಇನ್ನೊಬ್ಬಳು, ಆಮೇಲೆ ಮಾವನ ಮೊಮ್ಮಗ. ನಾಲ್ಕೂ ಸಲ ಅದೇ ಕೂಗು.

ಮೊಮ್ಮಗ ಹೊರಬರುವಾಗ ಬಾಗಿಲು ಪೂರ್ತಿ ತೆರೆಯಿತು. ಮೇಜಿನ ಮೇಲೆ ಚಿತ್ರ ಈ ಕಡೆ ಮುಖ ಮಾಡಿ ನಿಂತಿತ್ತು. ನಡುವೆ ಮನೆ. ಎಡಗಡೆ ಸೈಕಲ್. ನಾಯಿ, ಬಾಲ ಎತ್ತಿಕೊಂಡು, ಬಲಗಡೆ.

ಕತ್ತರಿಯಣ್ಣನಿಗೆ ಕೂತ ಬೆಂಚು ಜಾರಿದಂತಾಯಿತು. ಕಣ್ಣು ಮುಚ್ಚಿ ತನ್ನ ಸಲೂನನ್ನು ನೆನೆದ. ಹೆಡ್‌ಮಾಸ್ಟರು ಚಿತ್ರವನ್ನು ತಮ್ಮ ಮುಖಕ್ಕೆ ಹಿಡಿದಿದ್ದರು. ಅದು ಕಂಡದ್ದು ಅವರ ಬೆನ್ನ ಹಿಂದಿನ ಕನ್ನಡಿಗೆ. ಆ ಕನ್ನಡಿ ಕಂಡದ್ದು ಎದುರಿನ ಕನ್ನಡಿಗೆ. ಒಂದು ಕನ್ನಡಿ ತಿರುಗಿಸಿದ್ದನ್ನು ಇನ್ನೊಂದು ಕನ್ನಡಿ ಸರಿ ಮಾಡಿ ಕೊಟ್ಟಿತ್ತು. ಅದನ್ನು ಇಪ್ಪತ್ತೆರಡು ವರ್ಷದ ಅನುಭವ ಮತ್ತೆ ತಿರುಗಿಸಿಬಿಟ್ಟಿತ್ತು. ಗಿರಾಕಿಗಳ ಹಿಂತಲೆಯನ್ನು ದಿನಕ್ಕೆ ಮೂವತ್ತು ಸಲ ಅದೇ ಎರಡು ಕನ್ನಡಿಯಲ್ಲಿ ತೋರಿಸುವವನು ಅವನೇ.

ಬುದ್ಧಿ ಕೆಟ್ಟರೂ ಆಸೆ ಕೆಡಲಿಲ್ಲ. ನಾಲ್ವರು ತಪ್ಪು ಹೇಳಿಯಾಗಿದೆ. ಇನ್ನು ಪುಟ್ಟಿ, ಅವಳ ಹಿಂದೆ ಟೈಲರನ ಮಗ. ಪುಟ್ಟಿ ಬಲಗಡೆ ಎಂದರೆ ಸೀಟು ಅವಳದೇ. ಮಗಳನ್ನು ಕಂಬದ ಮರೆಗೆ ಎಳೆದು, ಎಡಗೈಯ ಬ್ಯಾಂಡೇಜ್ ಬಿಚ್ಚಿ ಬಲಗೈಗೆ ಸುತ್ತುತ್ತಾ, "ಬಲಗಡೆ ಅನ್ನು, ಕಂದ. ಎಡ ಮರ್ತ್‌ಬಿಡು. ಏನೇ ಕೇಳಿದ್ರೂ ಬಲಗಡೆ" ಎಂದು ಹತ್ತು ಸಲ ಹೇಳಿದ. ಪುಟ್ಟಿ ಹೂಂ ಎಂದಳು.

ಅಷ್ಟರಲ್ಲಿ ಟೈಲರನ ಮಗನಿಗೂ ಬಲಗಡೆ ಎಂದೇ ಹೇಳಿಕೊಟ್ಟಿರುವುದು ನೆನಪಾಯಿತು. ಓಡಿಹೋಗಿ ಟೈಲರನ ಕೈ ಹಿಡಿದುಕೊಂಡ. "ತಪ್ಪಾಯ್ತು ಮಾರಾಯ. ಹಳೇ ಸಿಟ್ಟಿಗೆ ಸುಳ್ಳು ಹೇಳಿದ್ದೆ. ನಾಯಿ ಎಡಗಡೆ."

ಟೈಲರ್ ಅವನ ಮುಖ ನೋಡಿದ. ಕಂಬದ ಬಳಿ ಬಲಗೈಗೆ ಹೊಸದಾಗಿ ಬ್ಯಾಂಡೇಜ್ ಸುತ್ತಿಸಿಕೊಂಡು ನಿಂತ ಪುಟ್ಟಿಯನ್ನು ನೋಡಿದ. ಬೆಳಗ್ಗಿನಿಂದ ಬೀದಿಗೆಲ್ಲ ಎಡ, ನನಗೆ ಬಲ, ಈಗ ನನಗೆ ಎಡ, ಮಗಳಿಗೆ ಬಲ. ಟೇಪು ಹಿಡಿದು ಅಳೆಯುವ ವಿಷಯವಾಗಿದ್ದರೆ ಅವನು ಹೇಗೋ ತಾಳೆ ಹಾಕುತ್ತಿದ್ದ. ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿವಿಯಲ್ಲಿ ಏನೋ ಹೇಳಿದ.

ಪುಟ್ಟಿ ಒಳಗೆ ಹೋದಳು. ಬಾಗಿಲು ಬಹಳ ಹೊತ್ತು ಮುಚ್ಚಿತ್ತು. ಕೊನೆಗೆ ಸ್ಪಷ್ಟವಾಗಿ "ಬಲಗಡೆ" ಎಂದು ಕೇಳಿದಾಗ ಕತ್ತರಿಯಣ್ಣ ಹೆಂಡತಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಅದುಮಿದನೆಂದರೆ ಅವಳು ಕಿರುಚಿದಳು. ಟೈಲರನ ಮಗ ಹೋಗಿ ಬಂದದ್ದನ್ನು ಅವನು ನೋಡಲೂ ಇಲ್ಲ. ಶಾಲೆಯ ಚೀಲಕ್ಕೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೆಂಡತಿಯೊಡನೆ ಚರ್ಚೆ ಶುರುವಾಗಿತ್ತು.

ಹೆಡ್‌ಮಾಸ್ಟರು ಹೊಸದಾಗಿ ಕತ್ತರಿಸಿದ ತಲೆಯೊಂದಿಗೆ ಹೊರಗೆ ಬಂದರು. ದನಿ ಎತ್ತರಿಸದೆಯೇ ಹೇಳಿದರು. "ಮೊದಲನೇ ನಾಲ್ಕು ಮಕ್ಕಳು ನಾನು ಚಿತ್ರ ತೋರಿಸೋ ಮುಂಚೇನೇ ಎಡಗಡೆ ಅಂದ್ರು. ನಾಲ್ವರ ಎಡಗೈಗೂ ಬ್ಯಾಂಡೇಜು. ಯಾರೋ ಹೇಳಿಕೊಟ್ಟಿದಾರೆ ಅಂತ ಗೊತ್ತಾಯ್ತು. ಹಾಗಾಗಿ ಕೊನೇ ಇಬ್ಬರಿಗೆ ಚಿತ್ರ ಬದಲಾಯಿಸಿದೆ. ಹೊಸ ಚಿತ್ರದಲ್ಲಿ ನಾಯೀನೇ ಇಲ್ಲ. ಆದ್ರೂ ನಾಯಿ ಯಾವ ಕಡೆ ಇತ್ತು ಅಂತಾನೇ ಕೇಳಿದೆ. ಒಬ್ಬಳು ಬಲಗಡೆ ಅಂದ್ಲು. ಒಬ್ಬ ಮಾತ್ರ, ಸಾರ್, ನನಗೆ ನಾಯಿ ಕಾಣಲಿಲ್ಲ ಅಂದ. ಸೀಟು ಅವನಿಗೆ."

ಮೊದಲು ಎಚ್ಚೆತ್ತವರು ಔಷಧದಂಗಡಿಯ ಮಾವ. ಕೃತಾವೂ ಹೋಯಿತು, ಸೀಟೂ ಹೋಯಿತು ಎಂದು ಅವರು ಶುರುಮಾಡಿದರು. ಬೇಕರಿ ಅಕ್ಕ ತನ್ನ ಎರಡು ಮಕ್ಕಳ ಲೆಕ್ಕದಲ್ಲಿ ಎರಡು ಪಾಲು ಬೈದಳು. ಗಡಿಯಾರದವನು ಇನ್ನು ಕೂದಲನ್ನು ಮನೆಯಲ್ಲೇ ಕತ್ತರಿಸಿಕೊಳ್ಳುತ್ತೇನೆ ಎಂದು ಸಾರಿದ.

ಸಂತೋಷದಿಂದ ಬಂದವನು ಟೈಲರ್ ಒಬ್ಬನೇ. ಅವನು ಕತ್ತರಿಯಣ್ಣನನ್ನು ಬಿಗಿಯಾಗಿ ತಬ್ಬಿಕೊಂಡ. "ನಿನ್ನ ಉಪಕಾರ ಮರೆಯೋದಿಲ್ಲಪ್ಪ. ನೀನು ಎರಡು ಥರ ಹೇಳದೆ ಇದ್ದಿದ್ರೆ ನಾನೂ ಏನೋ ಒಂದು ಬಾಯಿಪಾಠ ಮಾಡಿಸ್ತಿದ್ದೆ. ತಲೆ ಕೆಟ್ಟುಹೋಗಿ, ಮಗನೇ, ಕಂಡದ್ದು ಹೇಳು ಅಂದ್ಬಿಟ್ಟೆ" ಎಂದ. ಪುಟ್ಟಿಯ ಹೊಸ ಶಾಲೆಗೆ, ಅದು ಎಲ್ಲೇ ಇರಲಿ, ಸಮವಸ್ತ್ರ ತಾನೇ ಹೊಲಿದುಕೊಡುತ್ತೇನೆ ಎಂದೂ ಸೇರಿಸಿದ.

ಹೆಂಡತಿ ಮುಂದೆ ಮುಂದೆ ಬಿರಬಿರನೆ ನಡೆದಳು. ಕತ್ತರಿಯಣ್ಣ ಮಗಳ ಕೈ ಹಿಡಿದು ಬೀದಿ ದಾಟಿದ. ಆ ಎರಡು ಬಸ್ಸುಗಳನ್ನು, ಆ ಮೆಟ್ಟಿಲನ್ನು ನೆನೆದು ಅವನಿಗೆ ಅಳು ಬರುವಂತಾಗಿತ್ತು. ಪುಟ್ಟಿಗೆ ಅದೇನೂ ಇರಲಿಲ್ಲ. ಅವಳು ಕುಣಿಯುತ್ತಾ ತಾನು ನೋಡಿದ ಚಿತ್ರದ ವರ್ಣನೆಗೆ ತೊಡಗಿದ್ದಳು. ಎಡಗಡೆ ಬಾವಿ, ಬಾವಿಯ ಕಟ್ಟೆ ಮೇಲೆ ಕೆಂಪು ಬಕೆಟ್, ಬಲಗಡೆ ಮರ, ಮರದಲ್ಲಿ ಏಳು ಹಣ್ಣು, ಅದರಲ್ಲೊಂದನ್ನು ಹಕ್ಕಿ ಕುಕ್ಕಿತ್ತು, ಕೆಳಗೆ ಒಂದೇ ಒಂದು ಚಪ್ಪಲಿ. ಪ್ರತಿಯೊಂದಕ್ಕೂ ಸರಿಯಾದ ಕೈಯನ್ನೇ ಎತ್ತಿ ತೋರಿಸುತ್ತಿದ್ದಳು.

ಕತ್ತರಿಯಣ್ಣ ನಡುಬೀದಿಯಲ್ಲೇ ನಿಂತ. "ಮತ್ತೆ ನಾಯಿ?"

"ನಾಯಿ ಇರ್ಲಿಲ್ಲ ಅಪ್ಪ. ನಾನು ಎರಡು ಸಲ ಹುಡುಕಿದೆ. ನೀನು ಸುಳ್ಳು ಹೇಳ್ದೆ ಅಂತ ಆಗುತ್ತಲ್ಲ ಅಂತ ಬಲಗಡೆ ಅಂದೆ."