ಹಪ್ಪಳದ ಉಂಡೆಗೊಂದು ಇಂಗ್ಲಿಷ್ ಪದ

ಇಂಗ್ಲಿಷ್ ಬಾರದೆ ನನ್ನ ಯಾವ ಕೆಲಸವೂ ಇದುವರೆಗೆ ನಿಂತಿರಲಿಲ್ಲ. ಬಸ್ಸಿನ ನಂಬರು ಓದುತ್ತೇನೆ, ಮಾತ್ರೆಯನ್ನು ಬಣ್ಣ ನೋಡಿ ಗುರುತಿಸುತ್ತೇನೆ, ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರ ಮುಖ ನೋಡಿಯೇ ತಿಳಿದುಕೊಳ್ಳುತ್ತೇನೆ. ಮುಖ ಗಂಭೀರವಾದರೆ ಖರ್ಚು ಜಾಸ್ತಿ, ಅಷ್ಟೇ ವಿಷಯ. ಉಡುಪಿ ಕಡೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡ, ಮದುವೆಯಾಗಿ ಮದ್ರಾಸಿಗೆ ಬಂದ ಮೇಲೆ ತರಕಾರಿಯವಳ ಹತ್ತಿರ ಜಗಳಾಡಿ ಕಲಿತ ತಮಿಳು, ಇವೆರಡರಲ್ಲಿ ನನ್ನ ಸಂಸಾರ ನಡೆದುಹೋಯಿತು. ಯಜಮಾನರು ಟಿ. ನಗರದ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಅವರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಬರುವವರು ಅವರ ಸಾಂಬಾರನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಹಾಗಿರುವಾಗ ಈ ವಯಸ್ಸಿನಲ್ಲಿ ನಾನು ಫೋನನ್ನು ಮುಂದಿಟ್ಟುಕೊಂಡು ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿದ್ದು ವಿದ್ಯೆಯ ಹಂಬಲದಿಂದ ಎಂದು ಯಾರೂ ತಿಳಿಯಬೇಡಿ. ಹಪ್ಪಳಕ್ಕಾಗಿ ಮಾಡಿದೆ.

ನಾವಿರುವುದು ಮೈಲಾಪೂರಿನ ಹಳೆಯ ಫ್ಲ್ಯಾಟೊಂದರ ಕೊನೆಯ ಮಹಡಿಯಲ್ಲಿ. ತಲೆಯ ಮೇಲೆ ತಾರಸಿ, ತಾರಸಿಯ ಮೇಲೆ ಮದ್ರಾಸಿನ ಬಿಸಿಲು. ಈ ಊರಿನಲ್ಲಿ ಪುಕ್ಕಟೆ ಸಿಗುವುದು ಅದೊಂದೇ. ಬೇಸಿಗೆ ಬಂತೆಂದರೆ ನಾನು ಹಲಸಿನ ಹಪ್ಪಳ ಮಾಡುತ್ತೇನೆ. ಹಣ್ಣಿನ ಗಾಡಿಯವನಿಗೆ ಮೊದಲೇ ಹೇಳಿಟ್ಟು, ಬಲಿತ ಕಾಯಿಯನ್ನೇ ತರಿಸುತ್ತೇನೆ. ಎಲ್ಲರೂ ಹಣ್ಣು ಕೇಳುವಾಗ ಈ ಮುದುಕಿ ಮಾತ್ರ ಕಾಯಿ ಕೇಳುತ್ತಾಳಲ್ಲ ಎಂದು ಅವನು ಪ್ರತಿವರ್ಷವೂ ಹೊಸದಾಗಿ ಆಶ್ಚರ್ಯಪಡುತ್ತಾನೆ. ಕಾಯಿಯ ಸೊಳೆ ಬಿಡಿಸಿ ಬೇಯಿಸಿ, ಮೆಣಸು, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ಕಿನ ನಡುವೆ ಇಟ್ಟು ಮಣೆಯಿಂದ ಒತ್ತಿ, ಚಾಪೆಯ ಮೇಲೆ ಬಿಸಿಲಿಗೆ ಹಾಕಿದರೆ ವರ್ಷವಿಡೀ ಊಟದ ಚಿಂತೆ ಅರ್ಧ ಕಡಿಮೆ. ಸಾರು ಕೆಟ್ಟರೂ ಹಪ್ಪಳ ಮಾನ ಉಳಿಸುತ್ತದೆ.

ಈ ವರ್ಷ ತಾರಸಿಗೆ ಬಿಳಿ ಬಣ್ಣ ಬಳಿದರು. ಬಿಸಿಲನ್ನು ವಾಪಸು ಕಳಿಸಿ ಮನೆ ತಂಪಾಗಿಡುವ ಪೇಂಟಂತೆ. ನಾನು ಸಂತೋಷಪಟ್ಟೆ, ಬಿಳಿ ನೆಲದಿಂದ ವಾಪಸು ಹೋಗುವ ಬಿಸಿಲೂ ತಾಗಿ ಹಪ್ಪಳ ಬೇಗ ಒಣಗುತ್ತದಲ್ಲ ಎಂದು. ಮರುದಿನ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ನೆಲ ಕೊಳೆಯಾಗಬಾರದೆಂದು ಅಸೋಸಿಯೇಷನ್ ಸೆಕ್ರೆಟರಿಯ ಅಪ್ಪಣೆ. ಇವರು ರಿಟೈರ್ಡ್ ಆಫೀಸರು. ಮನೆಯೊಳಗೆ ಹೆಂಡತಿಯ ಹತ್ತಿರ ತಮಿಳು, ಮೀಟಿಂಗಿನಲ್ಲಿ ಬರೀ ಇಂಗ್ಲಿಷ್. ತಮಿಳಿನಲ್ಲಿ ಹೇಳಿದ ಮಾತು ಅವರ ಮಿನಿಟ್ಸ್ ಪುಸ್ತಕಕ್ಕೆ ಏರುವುದಿಲ್ಲ. ಇಂಗ್ಲಿಷಿನಲ್ಲಿ ಕೆಮ್ಮಿದರೂ ಬರೆದುಕೊಳ್ಳುತ್ತಾರೆ. ನಾನು ಮೀಟಿಂಗಿಗೆ ಹೋಗಿ ತಮಿಳಿನಲ್ಲಿ ಹಪ್ಪಳ, ಹಲಸು, ಬಿಸಿಲು ಎಲ್ಲವನ್ನೂ ವಿವರವಾಗಿ ಹೇಳಿದೆ. ಅವರು ಪೆನ್ನು ಎತ್ತಲೇ ಇಲ್ಲ. ಕನ್ನಡಕದ ಮೇಲಿಂದ ನೋಡಿ "ನೋಟೆಡ್, ಮಾಮಿ" ಎಂದರು. ಮುಂದಿನ ವಿಷಯ ನೀರಿನ ಮೋಟಾರು.

ಮನೆಗೆ ಬಂದು ಮೊಮ್ಮಗಳು ಅನಘಾಳನ್ನು ಕೇಳಿದೆ, "ನೋಟೆಡ್ ಅಂದ್ರೆ ಎಂತ ಮಾರಾಯ್ತಿ?"

ಅವಳು ಕಾಲೇಜಿನವಳು. ನನ್ನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ನೋಟೆಡ್ ಎಂದರೆ ಬರೆದುಕೊಂಡಾಯಿತು ಎಂದಂತೆ, ಪೆನ್ನು ಎತ್ತದೆಯೇ. ನಾನು ಒಂದು ಪದ ಕೇಳಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಕೇಳಿದೆ. "ಅಜ್ಜಿ, ಎನಕ್ಕು ಕ್ಲಾಸ್ ಇರುಕ್ಕು" ಎಂದು ಕ್ಲಾಸಿನ ನೆಪ ಹೇಳಿ ನನ್ನ ಫೋನು ಕಸಿದುಕೊಂಡು ಏನೋ ಒತ್ತಿದಳು. "ಇದು ಎಐ. ಕನ್ನಡತ್ತುಲೇಯೇ ಕೇಳುಂಗೋ, ಸಲಿಕ್ಕಾಮ ಸೊಲ್ಲುಂ."

ಸಲಿಕ್ಕಾಮ ಸೊಲ್ಲುಂ ಎಂದರೆ ಬೇಸರವಿಲ್ಲದೆ ಹೇಳುತ್ತದೆ ಎಂದು. ಅದಂತೂ ನಿಜ. ನಾನು ಏನು ಕೇಳಿದರೂ ಮೊದಲು "ಬಹಳ ಒಳ್ಳೆಯ ಪ್ರಶ್ನೆ" ಎನ್ನುತ್ತದೆ. ಆಮೇಲೆ ರೇಡಿಯೋ ವಾರ್ತೆಯ ಕನ್ನಡದಲ್ಲಿ ಅರ್ಥ, ಉದಾಹರಣೆ, ಅದೇ ಅರ್ಥದ ಬೇರೆ ಪದಗಳು, ವಿರುದ್ಧ ಪದಗಳು, ಕೊನೆಗೆ ಇನ್ನೇನಾದರೂ ಬೇಕೇ ಎಂಬ ಉಪಚಾರ. ಯಜಮಾನರ ಹೋಟೆಲಿನಲ್ಲಿ ಇಂಥವನೇ ಒಬ್ಬ ಸಪ್ಲೈಯರ್ ಇದ್ದ. ಗಿರಾಕಿ ಒಂದು ಕಾಫಿ ಕೇಳಿದರೆ ಇಡ್ಲಿಯಿಂದ ಹಲ್ವದವರೆಗೆ ಪೂರ್ತಿ ಒಪ್ಪಿಸಿ, ಆಮೇಲೆ ಕಾಫಿ ಮರೆತು ಬರುತ್ತಿದ್ದ. ನಾನು ಫೋನಿಗೆ ಹೇಳಿದೆ, "ನೋಡು, ನನ್ನ ಪ್ರಶ್ನೆ ಒಳ್ಳೆಯದೋ ಕೆಟ್ಟದ್ದೋ ನಿನಗೆ ಬೇಡ. ಕೇಳಿದ್ದಷ್ಟು ಹೇಳು." ಅದು ಕ್ಷಮೆ ಕೇಳಿತು. ನನ್ನ ಬೇಸರ ತನಗೆ ಅರ್ಥವಾಗುತ್ತದೆ ಎಂದಿತು. ಈ ಮನೆಯಲ್ಲಿ ನನ್ನ ಬೇಸರ ಅರ್ಥವಾದ ಮೊದಲನೆಯ ಪ್ರಾಣಿ ಅದು, ಅದಕ್ಕೆ ಜೀವವೇ ಇಲ್ಲ.

ಸೆಕ್ರೆಟರಿಯವರಂಥ ಮನುಷ್ಯರು ಪೆನ್ನು ಎತ್ತುವಂಥ ತೂಕದ ಪದ ಕೊಡು ಎಂದೆ. ಕೊಟ್ಟಿತು. ಅಬ್ಜೆಕ್ಷನ್ ಎಂದರೆ ಆಕ್ಷೇಪಣೆ. ಕಾಮನ್ ಏರಿಯಾ ಎಂದರೆ ಎಲ್ಲರಿಗೂ ಸೇರಿದ ಜಾಗ. ಇನ್‌ಕನ್ವೀನಿಯನ್ಸ್ ಎಂದರೆ ತೊಂದರೆ, ಆದರೆ ಇಸ್ತ್ರಿ ಮಾಡಿದ ತೊಂದರೆ. ಹೆರಿಟೇಜ್ ಎಂದರೆ ಹಳೆಯದು, ಎಸೆಯಬಾರದ್ದು. ಅದರಲ್ಲಿ ಹಪ್ಪಳವೂ ಬಂತು, ನಾನೂ ಬಂದೆ. ಯುನಿಲ್ಯಾಟರಲ್ ಎಂದರೆ ಯಾರನ್ನೂ ಕೇಳದೆ ಒಬ್ಬರೇ ತೀರ್ಮಾನ ಮಾಡುವುದು. ಇದಕ್ಕೆ ಉದಾಹರಣೆ ಬೇಕಾಗಲಿಲ್ಲ, ನನ್ನ ಅತ್ತೆಯ ನೆನಪಾಯಿತು. ಕೊನೆಯದು ರೆಸಲ್ಯೂಷನ್, ಸಭೆ ಒಪ್ಪಿದ ತೀರ್ಮಾನ.

ಪದ ಸಿಕ್ಕಿದರೆ ಸಾಕೇ, ತಲೆಯಲ್ಲಿ ನಿಲ್ಲಬೇಕಲ್ಲ. ಬರೆದುಕೊಂಡರೆ ನನ್ನ ಅಕ್ಷರ ನನಗೇ ಓದಲಾಗುವುದಿಲ್ಲ. ಆಗ ಹಪ್ಪಳವೇ ದಾರಿ ತೋರಿಸಿತು. ನಮ್ಮ ಕಡೆ ಹಪ್ಪಳ ಒತ್ತುವಾಗ ದೇವರ ಹೆಸರು ಹೇಳುವ ಪದ್ಧತಿ ಉಂಟು. ಕೇಶವ ಎಂದು ಒಂದು ಒತ್ತು, ನಾರಾಯಣ ಎಂದು ಇನ್ನೊಂದು, ಮಾಧವ ಎಂದು ಮತ್ತೊಂದು. ಕೈಗೂ ಲಯ ಸಿಗುತ್ತದೆ, ನೆರೆಮನೆಯವರ ಸುದ್ದಿ ಮಾತನಾಡುವುದೂ ತಪ್ಪುತ್ತದೆ. ನಾನು ಕೇಶವನನ್ನು ಸ್ವಲ್ಪ ಬದಿಗೆ ಸರಿಸಿ ಆ ಜಾಗದಲ್ಲಿ ಅಬ್ಜೆಕ್ಷನ್ ಕೂರಿಸಿದೆ. ಅಬ್ಜೆಕ್ಷನ್ ಒಂದು ಹಪ್ಪಳ, ಕಾಮನ್ ಏರಿಯಾ ಒಂದು ಹಪ್ಪಳ, ಹೀಗೆ ರೆಸಲ್ಯೂಷನ್‌ವರೆಗೆ ಹೋಗಿ ಮತ್ತೆ ಮೊದಲಿನಿಂದ. ತಾರಸಿ ಇಲ್ಲವಾದ್ದರಿಂದ ಮೊದಲ ಚಾಪೆಯನ್ನು ನಡುಮನೆಯಲ್ಲಿ ಫ್ಯಾನಿನಡಿ ಹಾಕಿದೆ. ಫ್ಯಾನಿನಡಿ ಒಣಗಿದ ಹಪ್ಪಳಕ್ಕೆ ಜೀವ ಇರುವುದಿಲ್ಲ. ಕಾದ ಎಣ್ಣೆಗೆ ಹಾಕಿದೆ, ಅರಳಲಿಲ್ಲ, ಮುನಿಸಿಕೊಂಡ ಸೊಸೆಯ ಹಾಗೆ ಸುಮ್ಮನೆ ಬಿದ್ದುಕೊಂಡಿತು. ಅಡುಗೆಮನೆಯ ಮೂಲೆಯಲ್ಲಿ ಉಳಿದ ಕಾಯಿಗಳು ಹಣ್ಣಾಗುವ ವಾಸನೆ ಶುರುವಾಗಿತ್ತು. ಹಣ್ಣಾದರೆ ಈ ವರ್ಷದ ಹಪ್ಪಳದ ಕಥೆ ಮುಗಿಯಿತು. ಗಾಡಿಯವನ ಹತ್ತಿರವೂ ಇನ್ನು ಕಾಯಿ ಇರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ನಾನು ಮುಂದಿನ ಕುರ್ಚಿಯಲ್ಲೇ ಕೂತೆ. ತಾರಸಿಯ ಮಾತು ಬಂದಾಗ ಕೈ ಎತ್ತಿದೆ. ಸೆಕ್ರೆಟರಿ, "ಎಸ್ ಮಾಮಿ, ವಾಟ್ ಈಸ್ ಯುವರ್ ಪ್ರಾಬ್ಲಂ?" ಎಂದರು.

ನನಗೆ ಬೇಕಾದದ್ದು ಒಂದೇ ಪದ, ಯುನಿಲ್ಯಾಟರಲ್. ನಿಮ್ಮಷ್ಟಕ್ಕೆ ನೀವೇ ಬೀಗ ಹಾಕಿದ್ದೀರಿ, ಅದೇ ನನ್ನ ಪ್ರಾಬ್ಲಂ ಎಂದು ಹೇಳಿ ಕೂತುಬಿಡುವುದೆಂದು ಲೆಕ್ಕ ಹಾಕಿದ್ದೆ. ಆದರೆ ಬಾಯಿ ತೆರೆದರೆ ಅದು ಬರಲೊಲ್ಲದು. ಹಪ್ಪಳದ ಜೊತೆ ಕಲಿತದ್ದು ನೋಡಿ, ಮಧ್ಯದಿಂದ ಕಿತ್ತು ತೆಗೆಯಲು ಆಗುವುದಿಲ್ಲ. ಮಾಧವನ ಹತ್ತಿರ ಹೋಗಬೇಕಾದರೆ ಕೇಶವನಿಂದಲೇ ಹೊರಡಬೇಕು. ನಾನು ಎದ್ದು ನಿಂತು, ಬಲಗೈಯನ್ನು ಎಡಗೈ ಮೇಲೆ ಒತ್ತುತ್ತಾ ಶುರುಮಾಡಿದೆ. "ಅಬ್ಜೆಕ್ಷನ್." ಒತ್ತು. "ಕಾಮನ್ ಏರಿಯಾ." ಒತ್ತು. "ಇನ್‌ಕನ್ವೀನಿಯನ್ಸ್." ಸೆಕ್ರೆಟರಿಯ ಪೆನ್ನು ತಾನಾಗಿ ಎದ್ದಿತು. "ಹೆರಿಟೇಜ್. ಯುನಿಲ್ಯಾಟರಲ್." ಅಲ್ಲಿಗೆ ನಿಲ್ಲಿಸಬೇಕಿತ್ತು, ಕೈ ನಿಲ್ಲಲಿಲ್ಲ. "ರೆಸಲ್ಯೂಷನ್."

ಸೆಕ್ರೆಟರಿ ಬರೆದುಕೊಂಡದ್ದನ್ನು ತಾವೇ ಒಮ್ಮೆ ಓದಿದರು. ಇಷ್ಟು ವರ್ಷದ ಆಫೀಸಿನ ಅಭ್ಯಾಸ ಅವರಿಗೆ. ರೆಸಲ್ಯೂಷನ್ ಎಂಬ ಪದ ಕಿವಿಗೆ ಬಿದ್ದರೆ ಮುಂದಿನ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ. "ಎನಿಬಡಿ ಸೆಕೆಂಡಿಂಗ್?" ಎಂದರು, ಅನುಮೋದಿಸುವವರು ಯಾರಾದರೂ ಉಂಟೇ ಎಂದು. ಹಿಂದಿನ ಸಾಲಿನಲ್ಲಿ ಅವರ ಹೆಂಡತಿಯೇ ಕೈ ಎತ್ತಿದರು. ಅವರಿಗೂ ವಡಾಂ, ಅಂದರೆ ನಮ್ಮ ಸಂಡಿಗೆ, ಹಾಕಬೇಕಿತ್ತು, ಮನೆಯಲ್ಲಿ ಕೇಳುವ ಧೈರ್ಯ ಇರಲಿಲ್ಲ. ಆಮೇಲೆ ಕೈಗಳು ಒಂದರ ಹಿಂದೆ ಒಂದು ಎದ್ದವು. ಬೇಸಿಗೆ ಮುಗಿಯುವವರೆಗೆ ತಾರಸಿ ತೆರೆದಿರಬೇಕು, ಚಾಪೆಯ ಕೆಳಗೆ ಹಳೆಯ ಸೀರೆ ಹಾಸಬೇಕು, ಬೀಗದ ಕೈ ಒಬ್ಬ ಜವಾಬ್ದಾರಿ ಇರುವವರ ಹತ್ತಿರ ಇರಬೇಕು ಎಂದು ಬರೆದುಕೊಂಡರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೇಡ ಎನ್ನಲಿಲ್ಲ.

ಹಲಸು ಹಣ್ಣಾಗುವ ಮೊದಲೇ ಹಪ್ಪಳವಾಯಿತು. ಬಿಳಿ ನೆಲದಲ್ಲಿ ನಾನು ಅಂದುಕೊಂಡದ್ದಕ್ಕಿಂತ ಬೇಗ ಒಣಗಿತು. ಎಣ್ಣೆಗೆ ಹಾಕಿದರೆ ಬಾಣಲೆ ತುಂಬಾ ಅರಳಿತು. ಮೊದಲ ಕಟ್ಟನ್ನು ಸೆಕ್ರೆಟರಿಯ ಮನೆಗೇ ಕಳಿಸಿದೆ. ನಿಮ್ಮ ಇಂಗ್ಲಿಷಿನಿಂದ ಗೆದ್ದಿರಿ ಎಂದು ಕೆಳಗಿನ ಮನೆಯವರೆಲ್ಲ ಹೇಳಿದರು. ನಾನೂ ಹಾಗೇ ನಂಬಿದ್ದೇನೆ. ಅನಘಾ ಮಾತ್ರ, ಅದು ವಡಾಂನಿಂದ ಗೆದ್ದದ್ದು ಎಂದು ತನ್ನ ತಮಿಳಿನಲ್ಲಿ ಹೇಳುತ್ತಾಳೆ. ಅವಳು ತನ್ನ ಕ್ಲಾಸಿಗೆ ಹೋಗಲಿ.

ಕಳೆದ ವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸೆಕ್ರೆಟರಿ. ಕೈಯಲ್ಲಿ ಪೆನ್ನಿಲ್ಲ, ಬಾಯಲ್ಲಿ ಇಂಗ್ಲಿಷೂ ಇಲ್ಲ. "ಮಾಮಿ, ಟ್ಯಾಂಕ್ ಪಾಕ್ಕಣುಂ. ಸಾವಿ ಕೊಂಜಂ ತರೇಳಾ?" ಎಂದು ಮೆತ್ತಗೆ ಬೀಗದ ಕೈ ಕೇಳಿದರು. ಮೇಲೆ ಕೊನೆಯ ಚಾಪೆ ಅರ್ಧ ಒಣಗಿತ್ತು. ಇವರು ಟ್ಯಾಂಕ್ ನೋಡಲು ಹೋದರೆ ಬಾಗಿಲು ತೆರೆದಿಟ್ಟು ಬರುವವರೇ, ಬೆಕ್ಕುಗಳಿಗೆ ಔತಣ. ನಾನು ಅವರನ್ನು ಕನ್ನಡಕದ ಮೇಲಿಂದ ನೋಡಿದೆ.

"ನೋಟೆಡ್" ಎಂದೆ. ಬಾಗಿಲು ಹಾಕಿದೆ.

ಒಳಗಿನಿಂದ ಅನಘಾ ನಗುವುದು ಕೇಳಿಸಿತು. ಈ ಸಲ ಕನ್ನಡದಲ್ಲೇ ಹೇಳಿದಳು, "ಅಜ್ಜಿ, ನೀವು ಥೇಟ್ ಅವರೇ ಆಗಿದ್ದೀರಿ."

ಅದನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ಕಲಿಯುವ ಚಟ ಹತ್ತಿದೆ ನನಗೆ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಜನರನ್ನು ಬಾಗಿಲಲ್ಲಿ ಕಾಯಿಸುವವರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಫೋನನ್ನು ಕೇಳಿದೆ. ಬಹಳ ಒಳ್ಳೆಯ ಪ್ರಶ್ನೆ ಎಂದಿತು. ಬ್ಯೂರೋಕ್ರಾಟ್ ಎನ್ನಬಹುದು ಎಂದಿತು. ಒಮ್ಮೆ ಹೇಳಿ ನೋಡಿದೆ. ತೂಕದ ಪದ, ಕೈಗೆ ಚೆನ್ನಾಗಿ ಕೂರುತ್ತದೆ. ಮುಂದಿನ ಬೇಸಿಗೆಗೆ ಕೇಶವನ ಜಾಗ ಅದಕ್ಕೇ ಎಂದು ನಿರ್ಧರಿಸಿದ್ದೇನೆ. ಯುನಿಲ್ಯಾಟರಲ್ ಆಗಿ.